ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಒಂಬತ್ತನೆಯ ಶತಮಾನದ ನಡುಭಾಗದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ನೆರಳಿನಲ್ಲಿ, ಎರಡು ಪುಸ್ತಕಗಳು ಹುಟ್ಟಿದವು. ಒಂದು 'ಕವಿರಾಜಮಾರ್ಗ'. ಇನ್ನೊಂದು ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'. ಮೊದಲನೆಯದನ್ನು ಕನ್ನಡ ಓದಿದವರೆಲ್ಲ ಬಲ್ಲರು. ಓದದವರೂ ಭಾಷಣಗಳಲ್ಲಿ ಕೇಳಿ ಬಲ್ಲರು. ಎರಡನೆಯದು ಸಂಸ್ಕೃತದಲ್ಲಿದೆ ಎಂದು ಕನ್ನಡದ ಮೇಷ್ಟ್ರುಗಳು ಬಿಟ್ಟರು. ಪದ್ಯದಲ್ಲಿದೆ ಎಂದು ಲೆಕ್ಕದ ಮೇಷ್ಟ್ರುಗಳು ಬಿಟ್ಟರು. ಲೆಕ್ಕ ಎಂದು ಸಂಸ್ಕೃತದವರು ಬಿಟ್ಟರು. ಹೀಗೆ ಮೂರು ಮನೆಯ ನೆಂಟ ಉಪವಾಸ ಬಿದ್ದ ಹಾಗೆ ಆ ಪುಸ್ತಕ ನಮ್ಮ ಶಾಲೆಗಳ ಹೊರಗೇ ಉಳಿದುಕೊಂಡಿತು.

ನಾನು ಬಿ.ಎ., ಬಿ.ಎಡ್. ಮಾಡಿದ ಕನ್ನಡ ಮೇಡಂ. ಗಣಿತದ ಬಗ್ಗೆ ಬರೆಯಲು ನನಗೇನು ಅಧಿಕಾರ ಎಂದು ಯಾರಾದರೂ ಕೇಳಿದರೆ, ಒಂದು ಸಾಹಿತ್ಯಕೃತಿಯನ್ನು ಓದಿದ ಅಧಿಕಾರ ಎಂದಷ್ಟೇ ಹೇಳಬಲ್ಲೆ. 'ಗಣಿತಸಾರಸಂಗ್ರಹ'ವನ್ನು ಎಂ. ರಂಗಾಚಾರ್ಯರು ತಾಳೆಗರಿಗಳಿಂದ ಸಂಪಾದಿಸಿ, ಇಂಗ್ಲಿಷಿಗೆ ಅನುವಾದಿಸಿ ೧೯೧೨ರಲ್ಲಿ ಮದರಾಸಿನಿಂದ ಹೊರತಂದರು. ಕನ್ನಡಕ್ಕೆ ಅದನ್ನು ತಂದುಕೊಟ್ಟವರು ಒಬ್ಬ ಹೆಂಗಸು: ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಗಣಿತ ಕಲಿಸಿದ ಪದ್ಮಾವತಮ್ಮನವರು. ಅವರ ಅನುವಾದ ೨೦೦೦ದಲ್ಲಿ ಹೊಂಬುಜದಿಂದ ಪ್ರಕಟವಾಯಿತು. ಅಂದರೆ ಕನ್ನಡ ನಾಡಿನ ಗಣಿತಗ್ರಂಥ ಕನ್ನಡದ ಓದುಗರ ಕೈಗೆ ಹೀಗೆ ಬರುವುದಕ್ಕೆ ಹನ್ನೊಂದೂವರೆ ಶತಮಾನ ಹಿಡಿಯಿತು. ಈ ಲೆಕ್ಕ ಮಾತ್ರ ನಾವು ಯಾರಿಗೂ ಒಪ್ಪಿಸಲಾರೆವು.

ಪುಸ್ತಕ ತೆರೆದ ಕೂಡಲೇ ಎದುರಾಗುವುದು ಮಂಗಳಶ್ಲೋಕ. ಸಂಖ್ಯಾಜ್ಞಾನವೆಂಬ ದೀಪದಿಂದ ಜಗತ್ತನ್ನೆಲ್ಲ ಬೆಳಗಿದ ಜಿನನಿಗೆ ಕವಿ ಕೈಮುಗಿಯುತ್ತಾನೆ. ಆಮೇಲೆ ದೊರೆಯ ಸ್ತುತಿ. ಆಮೇಲೆ ಗಣಿತದ ಸ್ತುತಿ. ಅಡುಗೆಯ ಶಾಸ್ತ್ರ, ವೈದ್ಯ, ಮನೆ ಕಟ್ಟುವ ವಿದ್ಯೆ, ಸಂಗೀತ, ನಾಟಕ, ಛಂದಸ್ಸು, ಅಲಂಕಾರ, ಕಾವ್ಯ, ತರ್ಕ, ವ್ಯಾಕರಣ, ಕೊನೆಗೆ ಕಾಮಶಾಸ್ತ್ರ, ಗ್ರಹಗಳ ಸಂಚಾರ ಎಲ್ಲಕ್ಕೂ ಗಣಿತ ಬೇಕು ಎಂದು ಪಟ್ಟಿ ಮಾಡುತ್ತಾನೆ. ಹೆಚ್ಚು ಮಾತೇಕೆ, ಮೂರು ಲೋಕದಲ್ಲಿ ಇರುವುದಾವುದೂ ಗಣಿತವಿಲ್ಲದೆ ಇಲ್ಲ ಎಂಬ ಅರ್ಥದ ಮಾತನ್ನಾಡಿ ಪಟ್ಟಿ ಮುಗಿಸುತ್ತಾನೆ. ಹಿಂದಿನವರ ಗಣಿತವೆಂಬ ಕಡಲಿನಿಂದ ಸ್ವಲ್ಪವೇ ಸಾರವನ್ನು, ಕಡಲಿನಿಂದ ರತ್ನ ತೆಗೆದಂತೆ, ಕಲ್ಲಿನಿಂದ ಚಿನ್ನ ತೆಗೆದಂತೆ, ಸಿಂಪಿನಿಂದ ಮುತ್ತು ತೆಗೆದಂತೆ ತೆಗೆದಿದ್ದೇನೆ ಎನ್ನುತ್ತಾನೆ. ಕೂಡುವುದು ಕಳೆಯುವುದನ್ನು ಹೇಳಿಕೊಡಲು ಹೊರಟವನು ಇಷ್ಟು ದೊಡ್ಡ ಬಾಗಿಲು ಏಕೆ ಕಟ್ಟಿದ? ನಮ್ಮ ಈಗಿನ ಪಠ್ಯಪುಸ್ತಕಗಳಿಗೆ ಬಾಗಿಲೇ ಇಲ್ಲ; ಸಮಿತಿಯ ಸದಸ್ಯರ ಹೆಸರು ದಾಟಿದರೆ ನೇರ ಅಭ್ಯಾಸ ಒಂದು ಪಾಯಿಂಟ್ ಒಂದು.

ಈ ಬಾಗಿಲು ಅಲಂಕಾರಕ್ಕಾಗಿ ಕಟ್ಟಿದ್ದಲ್ಲ ಎಂಬುದೇ ನನ್ನ ವಾದ. ಜೈನರಿಗೆ ಗಣಿತ ಧರ್ಮದ ಒಂದು ಅಂಗವಾಗಿತ್ತು. ಲೋಕದ ಉದ್ದಗಲ ಎಷ್ಟು, ಜೀವಗಳು ಎಷ್ಟು, ಆತ್ಮಕ್ಕೆ ಅಂಟಿದ ಕರ್ಮ ಎಷ್ಟು ಕಾಲಕ್ಕೆ ಸವೆದೀತು ಎಂದು ಕೇಳಿದವರು ಅವರು. ಇಂಥ ಪ್ರಶ್ನೆಗೆ ಬೆರಳೆಣಿಕೆ ಸಾಲದು. ಮಹಾವೀರಾಚಾರ್ಯ ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಡುತ್ತಾನೆ. ಸಂತೆಯಲ್ಲಿ ರಾಗಿ ಅಳೆಯುವವನಿಗೆ ಇಪ್ಪತ್ತನಾಲ್ಕು ಸ್ಥಾನ ಯಾಕೆ ಬೇಕು? ಅವನ ಹಿಂದೆಯೇ, ೮೧೬ರಲ್ಲಿ, ವೀರಸೇನರು 'ಧವಲಾ' ಟೀಕೆಯನ್ನು ಮುಗಿಸಿದ್ದರು. ಕರ್ಮಸಿದ್ಧಾಂತದ ಆ ಬೃಹದ್ಗ್ರಂಥದ ತಾಳೆಗರಿಗಳು ಹಳಗನ್ನಡ ಲಿಪಿಯಲ್ಲಿ ಮೂಡಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಉಳಿದು ಬಂದವು. ಅದರಲ್ಲಿ 'ಅರ್ಧಚ್ಛೇದ' ಎಂಬ ಮಾತು ಬರುತ್ತದೆ: ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದು ಎಂಬ ಎಣಿಕೆ. ಮೂವತ್ತೆರಡರ ಅರ್ಧಚ್ಛೇದ ಐದು. ಪಿ.ಯು.ಸಿ. ಮಕ್ಕಳು ಲಾಗರಿದಂ ಎಂದು ಕಂಠಪಾಠ ಮಾಡುವುದು ಇದರ ಜಾತಿಯದನ್ನೇ. ವೀರಸೇನರ ಶಿಷ್ಯ ಜಿನಸೇನರು ನೃಪತುಂಗನಿಗೆ ಗುರುಗಳು. ಆಸ್ಥಾನ, ಮಠ, ಪಾಠಶಾಲೆ ಮೂರೂ ಒಂದೇ ಗಾಳಿಯಲ್ಲಿ ಉಸಿರಾಡಿದ ಕಾಲ ಅದು.

ಜೈನರು ಸಂಖ್ಯೆಗಳನ್ನು ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ವಿಂಗಡಿಸಿ, ಅನಂತದಲ್ಲೂ ಬಗೆಗಳಿವೆ ಎಂದರು. ಯೂರೋಪಿನಲ್ಲಿ ಗೆಯಾರ್ಗ್ ಕ್ಯಾಂಟರ್ ೧೮೭೪ರಲ್ಲಿ ಒಂದು ಅನಂತಕ್ಕಿಂತ ಇನ್ನೊಂದು ಅನಂತ ದೊಡ್ಡದಿರಬಹುದೆಂದು ತೋರಿಸಿದ. ಇಲ್ಲಿ ನಮ್ಮವರು ಎದೆಯುಬ್ಬಿಸಿ 'ನಾವು ಮೊದಲೇ ಹೇಳಿದ್ದೆವು' ಎನ್ನುವ ಅಪಾಯವಿದೆ. ಹಾಗಲ್ಲ. ಕ್ಯಾಂಟರ್ ಸಾಧಿಸಿ ತೋರಿಸಿದ. ನಮ್ಮವರು ಕಲ್ಪಿಸಿ ವಿಂಗಡಿಸಿದರು. ಎರಡೂ ಒಂದಲ್ಲ. ಆದರೆ ಕಲ್ಪಿಸುವ ಧೈರ್ಯ ಎಲ್ಲಿಂದ ಬಂತು ಎಂಬುದು ಗಮನಿಸತಕ್ಕದ್ದು. ಅನಂತವೆಂಬುದು ಮನುಷ್ಯನ ಅಳತೆಗೆ ಮೀರಿದ್ದು, ಆದರೂ ಅದರ ಮುಂದೆ ಬಾಯಿ ಮುಚ್ಚಿ ಕೂರಬೇಕಾಗಿಲ್ಲ, ವಿನಯದಿಂದ ವಿಂಗಡಿಸಬಹುದು ಎಂಬ ನಂಬಿಕೆ ಅದು. ವೇದಕಾಲದ ಶುಲ್ಬಸೂತ್ರಗಳ ಹಿಂದೆಯೂ ಇದೇ ಮನಸ್ಸಿದೆ. ಗಿಡುಗದ ಆಕಾರದ ಇಟ್ಟಿಗೆಯ ವೇದಿಯನ್ನು ಹಿಗ್ಗಿಸಬೇಕು, ಆದರೆ ಆಕಾರ ಕೆಡಬಾರದು. ಚೌಕವನ್ನು ವೃತ್ತ ಮಾಡಬೇಕು, ಆದರೆ ವಿಸ್ತೀರ್ಣ ಬದಲಾಗಬಾರದು. ಬೌಧಾಯನ ಹಗ್ಗ ಹಿಡಿದು ನಿಂತದ್ದು ದೇವರಿಗೆ ಸಲ್ಲಿಸುವುದರಲ್ಲಿ ತಪ್ಪಬಾರದು ಎಂಬ ಭಯಭಕ್ತಿಯಿಂದ. ಭಕ್ತಿ ಇಲ್ಲಿ ಉತ್ತರ ಕೊಡಲಿಲ್ಲ. ಲೆಕ್ಕ ಸರಿಯಿರಬೇಕೆಂಬ ಹಟ ಕೊಟ್ಟಿತು.

ಈ ವ್ಯತ್ಯಾಸವನ್ನು ನಮ್ಮ ಶಾಲೆಗಳು ಮರೆತಿವೆ. ಪ್ರತಿ ವರ್ಷ ಡಿಸೆಂಬರ್ ೨೨ರಂದು, ಶ್ರೀನಿವಾಸ ರಾಮಾನುಜನ್ ಹುಟ್ಟಿದ ದಿನ, ಗಣಿತ ದಿನಾಚರಣೆ ಮಾಡುತ್ತೇವೆ. ಮಕ್ಕಳು ಹೇಳುವುದು ಒಂದೇ ಕತೆ: ನಾಮಕ್ಕಲ್ಲಿನ ನಾಮಗಿರಿ ದೇವಿ ಕನಸಿನಲ್ಲಿ ಬಂದು ಸೂತ್ರ ಹೇಳಿಕೊಟ್ಟಳು. ಭಕ್ತರಿಗೆ ಈ ಕತೆ ಇಷ್ಟ, ಗೇಲಿ ಮಾಡುವವರಿಗೂ ಇಷ್ಟ. ಎರಡು ಪಕ್ಷದವರೂ ಒಂದೇ ಕಡೆ ಎಡವುತ್ತಾರೆ. ದೇವರ ಕೆಲಸ ಉತ್ತರಪತ್ರಿಕೆ ಕಳಿಸುವುದು ಎಂದು ಇಬ್ಬರೂ ಒಪ್ಪಿಕೊಂಡಂತಾಯಿತು. ಕಾಗದಕ್ಕೆ ಗತಿಯಿಲ್ಲದೆ ಸ್ಲೇಟಿನ ಮೇಲೆ ಬರೆದು, ಮೊಣಕೈಯಿಂದ ಒರೆಸಿ, ಮತ್ತೆ ಬರೆದ ಆ ಹುಡುಗನ ವರ್ಷಗಳನ್ನು ಯಾರೂ ಹೇಳುವುದಿಲ್ಲ. ನನ್ನ ಕೇಳಿದರೆ ಆ ಮೊಣಕೈಯೇ ಅವನ ಜಪಮಣಿ.

ಇನ್ನೊಂದು ತುದಿಗೆ, ಬೇಗೂರು ರಸ್ತೆಯ ಉದ್ದಕ್ಕೂ ನೇತಾಡುವ 'ವೇದಗಣಿತ'ದ ಬೋರ್ಡುಗಳನ್ನು ನೋಡಿ. ಭಾರತೀಕೃಷ್ಣ ತೀರ್ಥರ ಪುಸ್ತಕ ೧೯೬೫ರಲ್ಲಿ ಪ್ರಕಟವಾಯಿತು. ಅದರಲ್ಲಿರುವ ಹದಿನಾರು ಸೂತ್ರಗಳು ನಮಗೆ ಉಳಿದುಬಂದಿರುವ ಯಾವ ವೇದದಲ್ಲೂ ಸಿಗುವುದಿಲ್ಲವೆಂದು ಪಂಡಿತರು ಬಹಳ ಹಿಂದೆಯೇ ಹೇಳಿದ್ದಾರೆ. ಸೂತ್ರಗಳು ಚಮತ್ಕಾರವಾಗಿವೆ, ಗುಣಿಸುವ ವೇಗ ಹೆಚ್ಚುತ್ತದೆ, ಮಕ್ಕಳಿಗೆ ಸಂತೋಷವಾದರೆ ಅದಕ್ಕೆ ನನ್ನ ತಕರಾರಿಲ್ಲ. ಆದರೆ 'ಬೇಗ'ವೇ ಆಧ್ಯಾತ್ಮ ಎನ್ನುವುದಕ್ಕೆ ಮಾತ್ರ ತಕರಾರಿದೆ. ಅಧ್ಯಾತ್ಮ ಎಲ್ಲಾದರೂ ಇದ್ದರೆ ನಿಧಾನದಲ್ಲಿದೆ. ಎಪ್ಪತ್ತಮೂರನ್ನು ಎಂಬತ್ತೊಂದರಿಂದ ಮೂರು ಸೆಕೆಂಡಿನಲ್ಲಿ ಗುಣಿಸಿದ ಮಗು ಯಂತ್ರದ ಜೊತೆ ಪಂದ್ಯ ಕಟ್ಟಿ ಸೋಲುತ್ತಿದೆ, ಅಷ್ಟೆ.

ಮಹಾವೀರಾಚಾರ್ಯನಿಗೂ ಗುಣಾಕಾರದ ಹುಚ್ಚಿತ್ತು. ಆದರೆ ಅವನ ಹುಚ್ಚು ಬೇರೆ ತರಹದ್ದು. ೧೨೩೪೫೬೭೯ನ್ನು ೯ರಿಂದ ಗುಣಿಸು ಎನ್ನುತ್ತಾನೆ, ಉತ್ತರ ೧೧೧೧೧೧೧೧೧. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ೧೧೧೧೧೧೧೧. ೧೪೨೮೫೭೧೪೩ನ್ನು ೭ರಿಂದ ಗುಣಿಸಿದರೆ ೧೦೦೦೦೦೦೦೦೧. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ೧೨೩೪೫೬೫೪೩೨೧, ಆರರವರೆಗೆ ಹತ್ತಿ ಮತ್ತೆ ಒಂದಕ್ಕೆ ಇಳಿಯುವ ಸಂಖ್ಯೆ. ಇಂಥ ಗುಣಲಬ್ಧಗಳನ್ನು ಅವನು ಕಂಠಾಭರಣ, ಅಂದರೆ ಕೊರಳಿನ ಹಾರ ಎಂದು ಕರೆಯುತ್ತಾನೆ. ಎಡದಿಂದ ಓದಿ, ಬಲದಿಂದ ಓದಿ, ಒಂದೇ. ನಡುವೆ ಪದಕ, ಎರಡು ಕಡೆ ಸಮನಾದ ಮಣಿ. ಇವುಗಳಿಂದ ಯಾವ ಅಂಗಡಿಯ ಲೆಕ್ಕವೂ ಬಗೆಹರಿಯುವುದಿಲ್ಲ, ಯಾವ ಗ್ರಹಣವೂ ಗೊತ್ತಾಗುವುದಿಲ್ಲ. ಚಂದ ಕಂಡಿತು, ತೋರಿಸಿದ. ಅಕ್ಕಸಾಲಿಗನ ಕಣ್ಣು ಇಲ್ಲದವನಿಗೆ ಇದು ಹೊಳೆಯಲಾರದು. ಆರು ರುಚಿಗಳನ್ನು ಎಷ್ಟು ಬಗೆಯಲ್ಲಿ ಬೆರೆಸಬಹುದು, ನಾನಾ ರತ್ನಗಳನ್ನು ಎಷ್ಟು ಬಗೆಯಲ್ಲಿ ಹಾರ ಮಾಡಬಹುದು, ಕೇದಗೆ ಅಶೋಕ ಸಂಪಿಗೆ ನೈದಿಲೆಗಳನ್ನು ಎಷ್ಟು ಬಗೆಯಲ್ಲಿ ಕಟ್ಟಬಹುದು ಎಂದು ಅವನು ಕೇಳುವ ಜಾಗದಲ್ಲೇ ವಿಕಲ್ಪಗಳ ಸಾಮಾನ್ಯ ಸೂತ್ರವನ್ನೂ ಕೊಡುತ್ತಾನೆ. ರುಚಿಗಳ ಉತ್ತರ ೬೩. ಉಗಾದಿಯ ಬೇವುಬೆಲ್ಲ ಆ ಅರವತ್ತಮೂರರಲ್ಲಿ ಒಂದು ಎಂದು ಹೇಳಿದರೆ ಮಕ್ಕಳು ಆ ಸೂತ್ರವನ್ನು ಮರೆಯುವುದಿಲ್ಲ.

ಅವನ ಲೆಕ್ಕಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಹರಿದ ಹಾರದ್ದು. ವಸಂತದ ಒಂದು ಇರುಳು, ದೊಡ್ಡ ಮನೆ, ಗಂಡಹೆಂಡಿರ ಪ್ರಣಯಕಲಹ. ಅವಳ ಕೊರಳಿನ ಮುತ್ತಿನ ಹಾರ ಹರಿಯುತ್ತದೆ. ಮೂರರಲ್ಲೊಂದು ಪಾಲು ಮುತ್ತು ದಾಸಿಯ ಕಡೆ ಉರುಳಿತು, ಆರರಲ್ಲೊಂದು ಪಾಲು ಹಾಸಿಗೆಯ ಮೇಲೆ ಬಿತ್ತು, ಉಳಿದುದರ ಅರ್ಧ, ಮತ್ತೆ ಉಳಿದುದರ ಅರ್ಧ, ಹೀಗೆ ಆರು ಸಲ ಎಲ್ಲೆಲ್ಲೋ ಚೆಲ್ಲಿತು, ಕೊನೆಗೆ ೧೧೬೧ ಮುತ್ತು ಉಳಿದವು, ಹಾರದಲ್ಲಿ ಎಷ್ಟಿದ್ದವು? ಮೂರನೆಯ ಒಂದು, ಆರನೆಯ ಒಂದು ಸೇರಿದರೆ ಅರ್ಧ ಹೋಯಿತು. ಉಳಿದರ್ಧವನ್ನು ಆರು ಸಲ ಅರ್ಧಿಸಿದರೆ ನೂರಿಪ್ಪತ್ತೆಂಟರಲ್ಲಿ ಒಂದು ಪಾಲು. ೧೧೬೧ನ್ನು ೧೨೮ರಿಂದ ಗುಣಿಸಿದರೆ ೧,೪೮,೬೦೮. ಒಂದೂವರೆ ಲಕ್ಷದ ಹತ್ತಿರ ಮುತ್ತು ಹೊತ್ತ ಆ ಹೆಣ್ಣಿನ ಕೊರಳು ಏನಾಗಿತ್ತೋ ಎಂದು ನಮ್ಮ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಸರಿಯಾದ ಪ್ರಶ್ನೆ. ಕವಿಗೆ ಅದು ಅತಿಶಯೋಕ್ತಿ, ಗಣಿತಜ್ಞನಿಗೆ ಅರ್ಧಚ್ಛೇದದ ಪಾಠ. ಅಲಂಕಾರವೂ ಲೆಕ್ಕವೂ ಒಂದೇ ದಾರದಲ್ಲಿ ಪೋಣಿಸಿಕೊಂಡಿವೆ.

ಕನ್ನಡ ಕಲಿಸುವವಳಾಗಿ ಇನ್ನೊಂದು ಸಾಕ್ಷಿ ಹೇಳುತ್ತೇನೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಒಂದು ಮಾತ್ರೆಯನ್ನು ತುಂಬುವ ಬಗೆ ಒಂದು, ಎರಡನ್ನು ತುಂಬುವ ಬಗೆ ಎರಡು, ಮೂರನ್ನು ಮೂರು, ನಾಲ್ಕನ್ನು ಐದು, ಐದನ್ನು ಎಂಟು, ಆರನ್ನು ಹದಿಮೂರು. ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ಕಾರಣವೂ ಸರಳ: ಕೊನೆಯ ಅಕ್ಷರ ಲಘುವಾದರೆ ಹಿಂದೆ ಒಂದು ಮಾತ್ರೆ ಕಡಿಮೆಯ ಸಾಲು, ಗುರುವಾದರೆ ಎರಡು ಮಾತ್ರೆ ಕಡಿಮೆಯ ಸಾಲು. ಇದನ್ನು ಛಂದಸ್ಸಿನ ವಿರಹಾಂಕ, ಅವನ ಬಹಳ ಕಾಲದ ಮೇಲೆ ಹನ್ನೆರಡನೆಯ ಶತಮಾನದ ಹೇಮಚಂದ್ರ ಬರೆದಿಟ್ಟರು. ಇಟಲಿಯ ಫಿಬೊನಾಚಿ ಮೊಲಗಳ ಲೆಕ್ಕದಲ್ಲಿ ಇದನ್ನು ಬರೆದದ್ದು ೧೨೦೨ರಲ್ಲಿ. ಅವನು ಮೊಲ ಎಣಿಸಿದ, ನಮ್ಮವರು ಪದ್ಯ ಎಣಿಸಿದರು.

ಕುಮಾರವ್ಯಾಸನ ಭಾಮಿನಿ ಷಟ್ಪದಿಯ ಚಿಕ್ಕ ಸಾಲಿಗೆ ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಯ ಗಣಗಳು. ಮೇಲಿನ ಲೆಕ್ಕದಂತೆ ಮೂರು ಇಂಟು ಐದು, ಇಂಟು ಮೂರು, ಇಂಟು ಐದು: ೨೨೫ ಬಗೆ. ಆದರೆ ಲಘುವಿನ ಮೇಲೆ ಗುರು ಬಂದು ಶುರುವಾಗುವ ಗಣ ಷಟ್ಪದಿಯಲ್ಲಿ ಕೂಡದು, ಓಟ ಮುಗ್ಗರಿಸುತ್ತದೆ. ಮೂರು ಮಾತ್ರೆಯ ಗಣದಲ್ಲಿ ಅಂಥದು ಒಂದು, ನಾಲ್ಕು ಮಾತ್ರೆಯ ಗಣದಲ್ಲಿ ಒಂದು. ಅವನ್ನು ತೆಗೆದರೆ ಎರಡು, ನಾಲ್ಕು, ಎರಡು, ನಾಲ್ಕು. ಗುಣಿಸಿದರೆ ೬೪. ಇನ್ನೂರ ಇಪ್ಪತ್ತೈದರಲ್ಲಿ ನೂರ ಅರವತ್ತೊಂದನ್ನು ಕಿವಿ ತಳ್ಳಿಹಾಕಿ ಅರವತ್ತನಾಲ್ಕನ್ನು ಇಟ್ಟುಕೊಂಡಿತು. ಕುಮಾರವ್ಯಾಸ ಇದನ್ನು ಕೂತು ಗುಣಿಸಿದನೆಂದು ನಾನು ಹೇಳುತ್ತಿಲ್ಲ. ಗಮಕಿಯ ಗಂಟಲಿಗೆ ಗೊತ್ತಿದ್ದದ್ದನ್ನೇ ಗಣಿತ ಹೇಳುತ್ತದೆ ಎನ್ನುತ್ತಿದ್ದೇನೆ. ಮಹಾವೀರಾಚಾರ್ಯನೂ ತನ್ನ ಮಿಶ್ರಕವ್ಯವಹಾರದ ಕೊನೆಯಲ್ಲಿ ಛಂದಸ್ಸಿನ ಪ್ರಸ್ತಾರವನ್ನು ಸೇರಿಸಿದ್ದಾನೆ. ಹತ್ತನೆಯ ಶತಮಾನದ ನಾಗವರ್ಮ 'ಛಂದೋಂಬುಧಿ'ಯನ್ನು ಹೆಂಡತಿಗೆ ಹೇಳಿಕೊಡುವಂತೆ ಬರೆದ. ಹನ್ನೆರಡನೆಯ ಶತಮಾನದ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದು, ಗಣಿತ ಹೇಳಲು ಈ ಭಾಷೆಗೆ ಬಾಯಿದೆ ಎಂದು ತೋರಿಸಿದ. ಕನ್ನಡ ಪೀರಿಯಡ್ಡು, ಲೆಕ್ಕದ ಪೀರಿಯಡ್ಡು ಎಂದು ಗಂಟೆ ಹೊಡೆದು ಬೇರೆ ಮಾಡಿದ್ದು ನಾವು.

ಇಷ್ಟು ಹೊಗಳಿದ ಮೇಲೆ ತೆಗಳಬೇಕಾದದ್ದನ್ನು ತೆಗಳದಿದ್ದರೆ ವಿಮರ್ಶೆ ಆಗುವುದಿಲ್ಲ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದ ಮಹಾವೀರಾಚಾರ್ಯ, ಅದು ತಪ್ಪು. ಅಂಡಾಕಾರದ ಕ್ಷೇತ್ರಕ್ಕೆ ಅವನು ಕೊಟ್ಟ ವಿಸ್ತೀರ್ಣವೂ ಸರಿಯಲ್ಲ. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಕಂಡವನು ಇಲ್ಲಿ ಎಡವಿದ. ಇದು ಸಣ್ಣ ಮಾತು. ಗಣಿತದಲ್ಲಿ ತಪ್ಪನ್ನು ಮುಂದಿನವರು ತಿದ್ದುತ್ತಾರೆ, ತಿದ್ದಿದರು. ತಿದ್ದಲಾಗದ ಮಾತು ಬೇರೆ ಇದೆ.

ಭಾಸ್ಕರಾಚಾರ್ಯನ 'ಲೀಲಾವತಿ' ೧೧೫೦ರದ್ದು. ತಾವರೆ, ದುಂಬಿ, ಹಂಸ, ನವಿಲು ತುಂಬಿದ ಪುಸ್ತಕ. 'ಬಾಲೆ', 'ಜಿಂಕೆಗಣ್ಣಿನವಳೆ' ಎಂದು ಕರೆದು ಲೆಕ್ಕ ಕೇಳುವ ಪುಸ್ತಕ. ಅದೇ ಪುಸ್ತಕದಲ್ಲಿ ವ್ಯಸ್ತ ತ್ರೈರಾಶಿಗೆ ಒಂದು ಉದಾಹರಣೆ ಬರುತ್ತದೆ: ಹದಿನಾರು ವರ್ಷದ ಹೆಣ್ಣಿಗೆ ಮೂವತ್ತೆರಡು ನಿಷ್ಕ ಬೆಲೆಯಾದರೆ, ಇಪ್ಪತ್ತು ವರ್ಷದವಳಿಗೆ ಎಷ್ಟು? ವಯಸ್ಸು ಏರಿದಂತೆ ಬೆಲೆ ಇಳಿಯುತ್ತದೆ, ಆದ್ದರಿಂದ ಇಪ್ಪತ್ತೈದು ನಿಷ್ಕ ಮತ್ತು ಮೂರು ಪಂಚಮಾಂಶ. ಉತ್ತರ ಸರಿಯಾಗಿದೆ. ಅಪೂರ್ಣಾಂಕವೂ ಕರಾರುವಾಕ್ಕಾಗಿದೆ. ದಾಸಿಯನ್ನು ಮಾರುವ ಸಂತೆಯಲ್ಲಿ ಐದನೆಯ ಒಂದು ಪಾಲನ್ನೂ ಬಿಡದೆ ಎಣಿಸುವ ಪ್ರಾಮಾಣಿಕತೆ! 'ಬಾಲೆ' ಎಂದು ಕರೆಸಿಕೊಂಡ ಹುಡುಗಿ ಈ ಲೆಕ್ಕವನ್ನು ಬಿಡಿಸುವಾಗ ಅವಳ ಮನಸ್ಸಿನಲ್ಲಿ ಏನಾಯಿತು ಎಂದು ಯಾವ ಟೀಕಾಕಾರರೂ ಬರೆದಂತೆ ಕಾಣೆ. ದುಂಬಿಯ ಲೆಕ್ಕವನ್ನು ಮಾತ್ರ ಭಾಷಣದಲ್ಲಿ ಹೇಳಿ ಇದನ್ನು ನುಂಗಿಕೊಳ್ಳುವುದು ನಮ್ಮ ಸಭಾಮರ್ಯಾದೆ. ಸೌಂದರ್ಯ ಬೇರಿನಲ್ಲಿದ್ದ ಮಾತ್ರಕ್ಕೆ ಹಣ್ಣೆಲ್ಲ ಸಿಹಿಯಾಗುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಲೀಲಾವತಿಯ ಕತೆಯನ್ನೂ ಇದರ ಪಕ್ಕದಲ್ಲೇ ಇಡಬೇಕು. ಮಗಳ ಮದುವೆಯ ಮುಹೂರ್ತಕ್ಕೆ ಭಾಸ್ಕರ ಜಲಘಟಿ ಇಟ್ಟ, ಬಗ್ಗಿ ನೋಡಿದ ಮಗಳ ಆಭರಣದಿಂದ ಮುತ್ತೊಂದು ಕಳಚಿ ರಂಧ್ರ ಮುಚ್ಚಿತು, ಮುಹೂರ್ತ ಮೀರಿತು, ಅವಳ ಸಮಾಧಾನಕ್ಕೆಂದು ಅಪ್ಪ ಪುಸ್ತಕಕ್ಕೆ ಅವಳ ಹೆಸರಿಟ್ಟ. ಈ ಕತೆ ಭಾಸ್ಕರನ ಪುಸ್ತಕದಲ್ಲಿಲ್ಲ. ಅಕ್ಬರನ ಆಸ್ಥಾನದ ಫೈಜಿ ೧೫೮೭ರಲ್ಲಿ ಮಾಡಿದ ಪಾರ್ಸಿ ಅನುವಾದದಿಂದ ಅದು ಹರಡಿತು. ಹೆಣ್ಣುಮಕ್ಕಳಿಗೆ ಸ್ಫೂರ್ತಿಯೆಂದು ನಾವು ಹೇಳುವ ಈ ಕತೆ ಹೇಳುವುದಾದರೂ ಏನು? ಮದುವೆ ಆಗದಿದ್ದರೆ ಲೆಕ್ಕ. ಗಂಡಿಗೆ ಗಣಿತ ವಿದ್ಯೆ, ಹೆಣ್ಣಿಗೆ ಪರಿಹಾರಧನ. ನಾನು ಪಿ.ಯು.ಸಿ. ಸೇರುವ ಕಾಲಕ್ಕೆ ಮನೆಗೆ ಬಂದ ಹಿರಿಯರೊಬ್ಬರು 'ಹುಡುಗಿಗೆ ಲೆಕ್ಕ ಯಾಕೆ, ಆರ್ಟ್ಸ್ ಕೊಡಿಸಿ, ಮನೆಗೆಲಸಕ್ಕೂ ಸಮಯ ಸಿಗುತ್ತೆ' ಎಂದರು. ಅರ್ಜಿಯಲ್ಲಿ ಆರ್ಟ್ಸ್ ಬಿತ್ತು. ಕನ್ನಡ ನನಗೆ ದಕ್ಕಿತು, ಆ ಬಗ್ಗೆ ಕೊರಗಿಲ್ಲ. ಆದರೆ ಆ ಮಾತು ಇವತ್ತಿಗೂ ನಮ್ಮ ಹತ್ತನೆಯ ತರಗತಿಯ ಪೋಷಕರ ಸಭೆಯಲ್ಲಿ ಸ್ವಲ್ಪ ವೇಷ ಬದಲಿಸಿ ಬರುತ್ತದೆ: 'ಅವಳಿಗೆ ಮ್ಯಾಥ್ಸ್ ತಲೆ ಇಲ್ಲ ಮೇಡಂ.'

ತಲೆ ಇಲ್ಲವೋ? ಹಾಗೆನ್ನುವ ತಾಯಂದಿರು ಧನುರ್ಮಾಸದಲ್ಲಿ ಬಾಗಿಲ ಮುಂದೆ ಏನು ಮಾಡುತ್ತಾರೆ ನೋಡಬೇಕು. ಬೇಗೂರಿನ ನಾಗೇಶ್ವರ ದೇವಸ್ಥಾನದ ಸುತ್ತಿನ ಹಳೆಯ ಬೀದಿಗಳಲ್ಲಿ ಈಗಲೂ ನಸುಕಿಗೆ ಚುಕ್ಕಿ ಬೀಳುತ್ತದೆ. ನಡುವೆ ಏಳು ಚುಕ್ಕಿ, ಮೇಲೂ ಕೆಳಗೂ ಐದು, ಮೂರು, ಒಂದು. ಕೂಡಿ ನೋಡಿ. ಒಂದು, ಮೂರು, ಐದು, ಏಳು ಸೇರಿ ಹದಿನಾರು. ಅದು ನಾಲ್ಕರ ವರ್ಗ. ಉಳಿದ ಐದು, ಮೂರು, ಒಂದು ಸೇರಿ ಒಂಬತ್ತು. ಅದು ಮೂರರ ವರ್ಗ. ಒಟ್ಟು ಇಪ್ಪತ್ತೈದು, ಐದರ ವರ್ಗ. ಬೌಧಾಯನನ ಹಗ್ಗ ಬೇಗೂರಿನ ಅಂಗಳದಲ್ಲಿ ರಂಗೋಲಿ ಪುಡಿಯಾಗಿ ಬಿದ್ದಿದೆ! ಎಲ್ಲ ರಂಗೋಲಿಗೂ ಹೀಗಾಗುವುದಿಲ್ಲ. ನಡುವೆ ಐದಿಟ್ಟರೆ ಹದಿಮೂರು, ಒಂಬತ್ತಿಟ್ಟರೆ ನಲವತ್ತೊಂದು, ವರ್ಗವಲ್ಲ. ಏಳರ ನಂತರ ಮತ್ತೆ ಪೂರ್ಣ ವರ್ಗ ಬರಬೇಕಾದರೆ ನಡುಸಾಲಿನಲ್ಲಿ ೪೧ ಚುಕ್ಕಿ ಇಡಬೇಕು; ಆಗ ೮೪೧, ಇಪ್ಪತ್ತೊಂಬತ್ತರ ವರ್ಗ. ಅಷ್ಟು ದೊಡ್ಡ ಅಂಗಳ ಈಗ ನಮ್ಮಲ್ಲಿ ಯಾರಿಗೂ ಇಲ್ಲ. ಚುಕ್ಕಿಗಳ ಸುತ್ತ ಕೈಯೆತ್ತದೆ ಎಳೆದ ಗೆರೆ ಹೊರಟಲ್ಲಿಗೇ ಬಂದು ಕೂಡಬೇಕು. ಎಲ್ಲಿ ತಿರುಗಿದರೆ ಕೂಡುತ್ತದೆ, ಎಲ್ಲಿ ತಿರುಗಿದರೆ ಸಿಕ್ಕಾಗುತ್ತದೆ ಎಂದು ಬೆರಳಿಗೆ ಗೊತ್ತಿರಬೇಕು. ಮದರಾಸಿನಲ್ಲಿ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ ಮತ್ತು ಕಮಲಾ ಕೃತಿವಾಸನ್ ೧೯೭೪ರಲ್ಲಿ ತಮಿಳರ ಕೋಲಗಳಿಗೆ ಗಣಿತದ ವ್ಯಾಕರಣವೊಂದನ್ನು ಬರೆದು ಪ್ರಕಟಿಸಿದರು. ಅದು ಕಂಪ್ಯೂಟರ್ ಶಾಸ್ತ್ರದ ಪ್ರಬಂಧ. ನಮ್ಮಲ್ಲಿ ಅದಕ್ಕೆ ಇನ್ನೂ ಹೆಣ್ಣುಮಕ್ಕಳ ಹವ್ಯಾಸವೆಂದೇ ಹೆಸರು. ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಬೇಗೂರಿನ ಮಾತು ಬಂತು. ಈ ಊರಿನಲ್ಲಿ ಗಣಿತದ ಮೂರನೆಯ ಬೇರೂ ಕಾಣುತ್ತದೆ. ಅದನ್ನು ಹೇಳದಿದ್ದರೆ ಈ ಬರಹ ಭಜನೆಯಾದೀತು. ಬೇಗೂರಿನ ಶಾಸನವೊಂದರಲ್ಲಿ, ಸುಮಾರು ೯೦೦ರದ್ದು, 'ಬೆಂಗಳೂರು ಕಾಳಗ'ದ ಉಲ್ಲೇಖವಿದೆ. ಬೆಂಗಳೂರೆಂಬ ಹೆಸರಿಗೆ ಹಳೆಯ ಆಧಾರ ಅದೇ. ಅದೇ ಕಾಲದ ಬೇಗೂರಿನ ದೊಡ್ಡ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಯುದ್ಧದಲ್ಲಿ ನಾಗತ್ತರ ಸತ್ತ. ಗಂಗರ ಎರೆಯಪ್ಪ ಇರುಗನಿಗೆ ನಾಗತ್ತರ ಪಟ್ಟ ಕಟ್ಟಿ 'ಬೆಂಪೂರು ಹನ್ನೆರಡ'ನ್ನು, ಅಂದರೆ ಬೇಗೂರಿನೊಡನೆ ಹನ್ನೆರಡು ಹಳ್ಳಿಗಳನ್ನು, ಕೊಟ್ಟ. ಗಂಗವಾಡಿ ತೊಂಬತ್ತಾರು ಸಾವಿರ, ಬನವಾಸಿ ಹನ್ನೆರಡು ಸಾವಿರ ಎಂದು ನಾಡಿನ ಹೆಸರಿಗೇ ಸಂಖ್ಯೆ ಅಂಟಿದ್ದ ಕಾಲ ಅದು. ಮಹಾವೀರಾಚಾರ್ಯನಿಗೂ ಈ ಕಲ್ಲಿಗೂ ನಡುವೆ ಐವತ್ತು ವರ್ಷದ ಅಂತರವಷ್ಟೆ. ಒಂದು ಕಡೆ ಸಂಖ್ಯೆ ಜಿನನಿಗೆ ದೀಪ, ಇನ್ನೊಂದು ಕಡೆ ಕೊರಳಿಗೆ ಹಾರ, ಮತ್ತೊಂದು ಕಡೆ ಸತ್ತವನ ಬಾಬ್ತು ಎಣಿಸಿಕೊಟ್ಟ ಹಳ್ಳಿ. ಕಂದಾಯ, ಯುದ್ಧ, ವ್ಯಾಪಾರಗಳೂ ಗಣಿತದ ಬೇರುಗಳೇ. ಬಡ್ಡಿಯ ಲೆಕ್ಕ 'ಗಣಿತಸಾರಸಂಗ್ರಹ'ದಲ್ಲೂ ಧಾರಾಳವಾಗಿದೆ. ಬೇರು ಮೂರಿದ್ದರೂ ಮರ ನೆಟ್ಟಗಿದ್ದುದು ಮೂರಕ್ಕೂ ನೀರು ಸಿಗುತ್ತಿದ್ದುದರಿಂದ.

ಈಗ ನೀರು ಸಿಗುತ್ತಿರುವುದು ಒಂದಕ್ಕೇ. ಕೆರೆಯ ಸುತ್ತ ಎದ್ದ ಬಡಾವಣೆಗಳಲ್ಲಿ ಚದರಡಿಯ ದರ, ಸಾಲದ ಕಂತು, ಮಕ್ಕಳ ಶೇಕಡಾವಾರು. ಬೆಳಗಿನಿಂದ ರಾತ್ರಿಯವರೆಗೆ ಈ ಊರು ಲೆಕ್ಕ ಮಾಡುತ್ತಲೇ ಇದೆ. ಆದರೂ ಇಲ್ಲಿನ ಮಕ್ಕಳಿಗೆ ಲೆಕ್ಕ ಎಂದರೆ ಭಯ. ಭಯ ಹುಟ್ಟುವುದು ಕಷ್ಟದಿಂದಲ್ಲ. ಷಟ್ಪದಿಯೂ ಕಷ್ಟವೇ, ಭರತನಾಟ್ಯದ ತಾಳವೂ ಕಷ್ಟವೇ. ತಾನು ಮಾಡುತ್ತಿರುವ ಕೆಲಸಕ್ಕೆ ಚಂದವೂ ಇಲ್ಲ, ಅರ್ಥವೂ ಇಲ್ಲ, ತಪ್ಪಿದರೆ ಶಿಕ್ಷೆ ಮಾತ್ರ ಇದೆ ಎಂದಾಗ ಭಯ ಹುಟ್ಟುತ್ತದೆ. ಆ ಭಯದ ಬೆಲೆಯನ್ನು ಹುಡುಗಿಯರು ಹೆಚ್ಚು ತೆರುತ್ತಾರೆ, ಏಕೆಂದರೆ ಅವರಿಗೆ ಬಿಟ್ಟುಹೋಗುವ ಬಾಗಿಲನ್ನು ಮನೆಯವರೇ ತೆರೆದು ಹಿಡಿದಿರುತ್ತಾರೆ.

ನಾನು ಕೇಳುವುದು ದೊಡ್ಡದೇನಲ್ಲ. ಪಠ್ಯಪುಸ್ತಕಕ್ಕೆ ಮಂಗಳಶ್ಲೋಕ ಸೇರಿಸಿ ಎನ್ನುವುದಿಲ್ಲ. ನಮ್ಮ ತರಗತಿಗಳಲ್ಲಿ ಎಲ್ಲ ದೇವರ ಮಕ್ಕಳೂ, ದೇವರನ್ನು ನಂಬದವರ ಮಕ್ಕಳೂ ಕೂತಿರುತ್ತಾರೆ. ಆ ಶ್ಲೋಕದ ಹಿಂದಿದ್ದ ಮನಸ್ಸು ಬಂದರೆ ಸಾಕು: ನನಗಿಂತ ದೊಡ್ಡದೊಂದರ ಮುಂದೆ ನಿಂತಿದ್ದೇನೆ, ಅದು ಚಂದವಾಗಿದೆ, ಅದರಲ್ಲಿ ನಾನು ಸುಳ್ಳು ಹೇಳಲಾರೆ ಎಂಬ ಮನಸ್ಸು. ಕನ್ನಡದ ಮೇಷ್ಟ್ರು ಮಾತ್ರಾಗಣ ಹೇಳುವಾಗ ಒಂದು, ಎರಡು, ಮೂರು, ಐದು, ಎಂಟು ಎಂದು ಎಣಿಸಲಿ. ಲೆಕ್ಕದ ಮೇಷ್ಟ್ರು ಶ್ರೇಢಿ ಹೇಳುವಾಗ ಚಾಕ್‌ಪೀಸನ್ನು ಒಬ್ಬ ಹುಡುಗಿಯ ಕೈಗೆ ಕೊಟ್ಟು ಏಳು ಚುಕ್ಕಿಯ ರಂಗೋಲಿ ಇಡಿಸಲಿ. ದಾಸಿಯ ಬೆಲೆಯ ಲೆಕ್ಕವನ್ನೂ ಮುಚ್ಚಿಡುವುದು ಬೇಡ. ಹತ್ತನೆಯವರಿಗೆ ಹೇಳಿ, ಉತ್ತರ ಸರಿಯಿದ್ದೂ ಲೆಕ್ಕ ತಪ್ಪಾಗಬಹುದು ಎನ್ನುವುದಕ್ಕೆ ಅದೇ ಪಾಠ.

ಹರಿದ ಹಾರದ ಲೆಕ್ಕಕ್ಕೆ ಮಹಾವೀರಾಚಾರ್ಯ ಕೇಳಿದ್ದು ಒಟ್ಟು ಎಷ್ಟು ಎಂದು ಮಾತ್ರ. ಎಲ್ಲೆಲ್ಲೋ ಚೆಲ್ಲಿಹೋದವು ಎಷ್ಟು ಎಂದು ಅವನು ಕೇಳಿಲ್ಲ. ಅದನ್ನು ತರಗತಿಯಲ್ಲಿ ಮಾಡಿಸಬಹುದು: ದಾಸಿಯ ಕಡೆ ಹೋದವು ೪೯,೫೩೬, ಹಾಸಿಗೆಯ ಮೇಲ��� ೨೪,೭೬೮, ಉಳಿದವು ೧೧೬೧, ಚೆಲ್ಲಿದವು ೭೩,೧೪೩. ಹತ್ತಿರ ಹತ್ತಿರ ಅರ್ಧ. ಹೆಕ್ಕಿಕೊಳ್ಳಲು ಇನ್ನೂ ಹೊತ್ತು ಮೀರಿಲ್ಲ.